ಫ್ಯಾನಿನ ಗಾಳಿ ಯಾವ ಯೋಜನೆಗೆ?

ಕರೆಂಟ್ ಬಿಲ್ಲು ಎರಡು ಕಡೆ ಬಿದ್ದಿರಬಹುದಿತ್ತು. ಕಚೇರಿಯ ಬಾಡಿಗೆಯೆಲ್ಲ ಒಂದೇ ಯೋಜನೆಯ ತಲೆಗೆ ಬಂದಿರಬಹುದಿತ್ತು. ಬಾಡಿಗೆ ಹಂಚಲು ನಾನು ನೆಲ ಅಳೆದ ಟೇಪೇ ಸುಳ್ಳು ಹೇಳಿರಬಹುದಿತ್ತು. ರಸೀದಿಗಳಿಗೆ ಗೆದ್ದಲು, ಕಂಪ್ಯೂಟರಿಗೆ ಮುನಿಸು, ಆಡಿಟರು ಹೊಸ್ತಿಲು ದಾಟುವಾಗಲೇ ನನಗೆ ಎದೆನೋವು, ಏನು ಬೇಕಾದರೂ ಆಗಬಹುದಿತ್ತು. ಆದದ್ದು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ. ಚಿಂತೆಯನ್ನು ಗಡಿಬಿಡಿಯಲ್ಲಿ ಮುಗಿಸಿ ನನಗೆ ರೂಢಿಯಿಲ್ಲ.

ಕೊಪ್ಪಳದ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುವವನು ನಾನು. ಸರ್ಕಾರದ ಅನುದಾನದಿಂದ ನಡೆಯುವ ಮೂರು ಯೋಜನೆ ನಮ್ಮವು: ಕುಷ್ಟಗಿಯಲ್ಲಿ ಹೊಲಿಗೆ ತರಬೇತಿ, ಗಂಗಾವತಿಯಲ್ಲಿ ಭತ್ತದ ನಾಟಿ ಮಾಡುವ ಹೆಂಗಸರಿಗೆ ಆರೋಗ್ಯ ಶಿಬಿರ, ಯಲಬುರ್ಗಾ ಕಡೆಯ ಬೇವೂರಿನಲ್ಲಿ ಕೂಲಿಗೆ ಹೋಗುವವರ ಕೂಸುಗಳಿಗೆ ಪಾಲನಾಗೃಹ. ದಾರದ ಉಂಡೆ ಹೊಲಿಗೆಯ ಖರ್ಚು, ಹಾಲಿನಪುಡಿ ಕೂಸಿನ ಖರ್ಚು. ಸರಿ. ಆದರೆ ನನ್ನ ತಲೆಯ ಮೇಲೆ ತಿರುಗುವ ಫ್ಯಾನು? ಅದರ ಕೆಳಗೆ ಕೂತು ನಾನು ಮೂರರ ಲೆಕ್ಕವನ್ನೂ ಬರೆಯುತ್ತೇನೆ. ಇಂಥದ್ದಕ್ಕೆ ಪರೋಕ್ಷ ವೆಚ್ಚ ಎಂದು ಹೆಸರು. ನೆಲ ಅಳೆದೋ ಮಂದಿ ಎಣಿಸಿಯೋ, ಯಾವ ಅಳತೆಯಲ್ಲಿ ಹಂಚುತ್ತೀರೆಂದು ಮೊದಲೇ ಬರೆದಿಡಬೇಕು, ವರ್ಷವಿಡೀ ಅದಕ್ಕೇ ಅಂಟಿಕೊಳ್ಳಬೇಕು, ಒಂದೇ ಖರ್ಚನ್ನು ಎರಡು ಸಲ ಕೇಳಬಾರದು. ಅಮಾವಾಸ್ಯೆಗೆ ಕಚೇರಿಯ ಬಾಗಿಲಲ್ಲಿ ಒಡೆಯುವ ಕಾಯಿ ಮೂರು ಯೋಜನೆಗೂ ಒಳಿತು ಮಾಡುತ್ತದೆಂದು ನಾನು ನಂಬುತ್ತೇನೆ, ಸರ್ಕಾರ ನಂಬುವುದಿಲ್ಲ. ಅದು ನನ್ನ ಜೇಬಿನದು.

ಮನೆಯಲ್ಲಿ ಇದನ್ನು ವಿವರಿಸಹೋದೆ: ಸಜ್ಜೆ ರೊಟ್ಟಿ ಯಾರೆಷ್ಟು ತಿಂದರೆಂದು ಎಣಿಸಬಹುದು, ಒಲೆಯ ಉರಿಯನ್ನು ಯಾರ ಹೆಸರಿಗೆ ಬರೆಯುವುದು? ಹೆಂಡತಿ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಉರಿ ಇರ್ಲಿ ಬಿಡ್ರಿ, ನನ್ನ ಯಾರ ಹೆಸರಿಗೆ ಬರದೀರಿ?" ಆ ದಿನ ನಾನು ಎರಡನೆಯ ರೊಟ್ಟಿ ಕೇಳಲಿಲ್ಲ.

ಆಡಿಟರ ಸಹಿ ಬೀಳದಿದ್ದರೆ ಮುಂದಿನ ಕಂತು ಇಲ್ಲ. ಕಂತು ಬರದಿದ್ದರೆ ಬೇವೂರಿನ ಪಾಲನಾಗೃಹಕ್ಕೆ ಬೀಗ. ಅಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಹುಲಿಗೆಮ್ಮ ಆಡಿಟರು ಬರುವ ಹಿಂದಿನ ದಿನ ಫೋನ್ ಮಾಡಿದ್ದಳು.

"ಸರ, ಹದಿನಾಕು ಕೂಸು ಅದಾವ್ರಿ. ಬೀಗ ಬಿದ್ರ ಇವ್ರ ಅವ್ವಗೋಳು ಬದುವಿನ ಮ್ಯಾಲ ಸೀರಿ ಹಾಸಿ ಮಲಗಸ್ತಾರ. ಹುಶಾರಾಗಿ ಬರೀರಿ."

"ಬರದೀನವ್ವ."

"ಬರದೀರಿ ಖರೆ, ತಿರುಗಿ ನೋಡೀರೇನು?"

ನೋಡಿದ್ದೆ, ಏಳು ಸಲ. ಎಂಟನೆಯದನ್ನು ಬೆಳಗ್ಗೆ ಹಲ್ಲುಜ್ಜುತ್ತ ಮನಸ್ಸಿನಲ್ಲೇ ಮುಗಿಸಿದೆ.

ಆಡಿಟರು ಬಂದರು. ನಗುವುದನ್ನು ಯಾವ ಖಾತೆಗೂ ಹಾಕದ ಮನುಷ್ಯ. ಹಂಚಿಕೆಯ ಹಾಳೆಯ ಮೇಲೆ ಬೆರಳಿಟ್ಟರು. "ಎಲ್ಲಾ ತಿಂಗಳೂ ಇದ ಅಳತಿ ಏನ್ರಿ?"

"ಇದ ರಿ. ಒಂದು ಗೇಣೂ ಸರಿದಿಲ್ಲ."

ಮತ್ತೊಂದು ಗಂಟೆ ಹಾಳೆ ತಿರುವಿದರು. ನನ್ನ ಬೆವರು ಮೂರು ಯೋಜನೆಗೂ ಸಮನಾಗಿ ಹರಿಯಿತು. ಕೊನೆಗೆ ಸಹಿ ಹಾಕಿದರು.

ಅಷ್ಟರಲ್ಲಿ ನಮ್ಮ ಕಚೇರಿಯ ಸಹಾಯಕಿ ಶರಣಮ್ಮ ಆಡಿಟರು ಚಹಾ ಕುಡಿದಿಟ್ಟ ಖಾಲಿ ಕಪ್ಪು ಎತ್ತಿಕೊಂಡಳು. ಪ್ರತಿ ಖರ್ಚಿಗೂ ಯಾವ ಯೋಜನೆಯದೆಂದು ಕೇಳುವ ನನ್ನ ಕಾಟವನ್ನು ವರ್ಷವಿಡೀ ಸಹಿಸಿದವಳು, ಅಲ್ಲೇ ನಿಂತು ಕೇಳಿಯೇಬಿಟ್ಟಳು: "ಸಾಹೇಬ್ರು ಕುಡದ ಚಾ ಯಾವ ಯೋಜನಾಕ್ಕ ಬರೀಲ್ರಿ? ನೆಲಾ ಅಳೀಬೇಕೋ, ಮಂದಿ ಎಣಸಬೇಕೋ?"

ಆಡಿಟರು ಆಗ ನಕ್ಕರು. "ಯಾವುದಕ್ಕೂ ಬ್ಯಾಡ ತಾಯಿ," ಎನ್ನುತ್ತ ನಾನು ತಡೆಯುವ ಮೊದಲೇ ಮೇಜಿನ ಮೇಲೆ ಹತ್ತು ರೂಪಾಯಿ ಇಟ್ಟು ಹೊರಟುಹೋದರು.

ಹುಲಿಗೆಮ್ಮನಿಗೆ ಫೋನ್ ಮಾಡಿ ಹೇಳಿದೆ. ಆಚೆ ಕಡೆ ಯಾವುದೋ ಕೂಸು ಅಳುತ್ತಿತ್ತು. ಅಷ್ಟು ಇಂಪಾದ ಅಳು ನಾನು ಕೇಳಿರಲಿಲ್ಲ. ಫೋನಿಟ್ಟು ನೋಟನ್ನು ನೋಡಿದೆ. ಕೊರತೆಗೆ ಹೆದರುತ್ತಲೇ ಐವತ್ತು ದಾಟಿದವನು ನಾನು. ಹೆಚ್ಚಾದರೆ ಏನು ಮಾಡಬೇಕೆಂದು ಯಾವತ್ತೂ ಯೋಚಿಸಿರಲಿಲ್ಲ. ಸಹಿಯಾದ ಲೆಕ್ಕಕ್ಕೆ ಈಗ ಹತ್ತು ರೂಪಾಯಿ ಹೆಚ್ಚಾಗಿದೆ.