ಟವೆಲ್ಲಿನ ಕೆಳಗಿನ ಆರು ಸಾವಿರ

ಮಾನ್ಯ ವಾಚಕರಲ್ಲಿ ವಿಜ್ಞಾಪನೆ,

ಮೊದಲಿಗೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಸೇವೆಯಲ್ಲಿದ್ದ ಮೂವತ್ತೊಂದು ವರ್ಷಗಳಲ್ಲಿ ಬರೆದದ್ದು ಮಾಲಿನ ಪಟ್ಟಿಗಳು ಮತ್ತು ವ್ಯವಹಾರದ ಪತ್ರಗಳು ಮಾತ್ರ. ಓದುವವರಿಗಾಗಿ ಬರೆಯುತ್ತಿರುವುದು ಇದೇ ಮೊದಲು. ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ನನಗೆ ಸದಾ ಅನುಮಾನ. ಅಕ್ಷರವೂ ಸೊಟ್ಟ. ಪತ್ರದ ಧಾಟಿಯ ಹೊರತು ಬೇರೆ ಧಾಟಿ ಕೈಗೆ ಹತ್ತುವುದಿಲ್ಲ. ಆದ್ದರಿಂದ ಈ ಬರಹದಲ್ಲಿಯೂ ‘ಸದರಿ’ ಮತ್ತು ‘ಮೇಲ್ಕಾಣಿಸಿದ’ ಎಂಬ ಪದಗಳು ಬಂದಲ್ಲಿ ದಯವಿಟ್ಟು ಸಹಿಸಿಕೊಳ್ಳಬೇಕು.

೧೯೯೯ನೆಯ ಇಸವಿಯಲ್ಲಿ ನಾನು ಹುಬ್ಬಳ್ಳಿಯ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಹಿರಿಯ ಗುಮಾಸ್ತನಾಗಿದ್ದೆ. ಹತ್ತಿ ಮತ್ತು ಮೆಣಸಿನಕಾಯಿ ನಮ್ಮ ಮುಖ್ಯ ವ್ಯಾಪಾರ. ದಿನಾಲು ಅಮ್ಮಿನಬಾವಿಯಿಂದ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ಅಂಗಡಿಯ ಮಾಲೀಕರ ಹೆಸರು ಬರೆಯುವುದಿಲ್ಲ, ಸಾವಕಾರರು ಎಂದಷ್ಟೇ ಕರೆಯುತ್ತೇನೆ. ಕಮರಿಪೇಟೆಯಲ್ಲಿ ಅವರ ದೊಡ್ಡ ಮನೆ. ಅವರಿಗೆ ಫುಟ್‌ಬಾಲಿನ ಹುಚ್ಚು ಇತ್ತು, ಆಡುವ ಹುಚ್ಚಲ್ಲ, ಗೆಲ್ಲುವ ಹುಚ್ಚು. ತಮ್ಮದೇ ಒಂದು ತಂಡ ಕಟ್ಟಿದ್ದರು. ಕಾಗದಪತ್ರ ಬರೆಯಲು ಒಬ್ಬರು ಬೇಕಾದ್ದರಿಂದ ನನ್ನನ್ನೇ ಸದರಿ ತಂಡದ ಕಾರ್ಯದರ್ಶಿಯನ್ನಾಗಿ ನೇಮಿಸಿದರು. ಆಫ್‌ಸೈಡ್ ಎಂದರೇನು ಎಂಬುದು ನನಗೆ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ.

ಆಗ ಹುಬ್ಬಳ್ಳಿ ಧಾರವಾಡಗಳ ಆರು ತಂಡಗಳು ಸೇರಿ ಆಗಸ್ಟಿನಿಂದ ಮಾರ್ಚಿಯವರೆಗೆ ಲೀಗ್ ಪಂದ್ಯಗಳನ್ನು ನಡೆಸುತ್ತಿದ್ದವು. ಹಿಂದಿನ ವರ್ಷ ಒಂದು ತಂಡದವರು ಹಣ ಚೆಲ್ಲಿ ಒಳ್ಳೆಯ ಆಟಗಾರರನ್ನೆಲ್ಲ ಖರೀದಿಸಿ ಉಳಿದವರನ್ನು ಬರಿಗೈ ಮಾಡಿದ್ದರು. ಅದಕ್ಕಾಗಿ ಲೀಗಿನ ಸಮಿತಿಯು ಸ್ಯಾಲರಿ ಕ್ಯಾಪ್, ಅಂದರೆ ಪಗಾರದ ಮಿತಿಯನ್ನು ಜಾರಿಗೆ ತಂದಿತು. ಒಂದು ತಂಡವು ತನ್ನೆಲ್ಲ ಆಟಗಾರರಿಗೆ ಸೇರಿ ತಿಂಗಳಿಗೆ ಮೂವತ್ತು ಸಾವಿರ ರೂಪಾಯಿಗಿಂತ ಹೆಚ್ಚು ಕೊಡಕೂಡದು. ಪ್ರತಿ ತಂಡದ ಕಾರ್ಯದರ್ಶಿಯು ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು. ಅದರಲ್ಲಿದ್ದ ಸಾಲು ನನಗೆ ಬಾಯಿಪಾಠವಿದೆ: ‘ಮೇಲ್ಕಾಣಿಸಿದ ಮೊತ್ತದ ಹೊರತಾಗಿ ಯಾವುದೇ ಆಟಗಾರನೊಡನೆ ಲಿಖಿತ ಅಥವಾ ಮೌಖಿಕ ಒಪ್ಪಂದ ಇರುವುದಿಲ್ಲ.’

ನಮ್ಮಲ್ಲಿ ಹದಿನಾಲ್ಕು ಜನ ಆಟಗಾರರಿದ್ದರು. ತಲೆಗೆ ಎರಡು ಸಾವಿರ. ಇನ್ನು ಒಬ್ಬನಿಗೆ ಎರಡು ಸಾವಿರ ಕೊಡಲು ಅವಕಾಶ ಉಳಿದಿತ್ತು. ಆ ಜುಲೈ ತಿಂಗಳಲ್ಲಿಯೇ ಸ್ಯಾಮುವೆಲ್ ಊರಿಗೆ ಬಂದ. ಅವನು ರೇಲ್ವೆ ಕಾಲೊನಿಯಲ್ಲಿ ಬೆಳೆದವನು, ಫಿಟ್ಟರ್ ಒಬ್ಬರ ಮಗ, ಇಪ್ಪತ್ತೇಳು ವರ್ಷದವನು. ಗೋವೆಯ ಒಂದು ಕಾರಖಾನೆಯ ತಂಡದಲ್ಲಿ ಆಡುತ್ತಿದ್ದ. ಕಾರಖಾನೆ ಮುಚ್ಚಿದ್ದರಿಂದ ಹೆಂಡತಿಯನ್ನು ಕರೆದುಕೊಂಡು ಮರಳಿದ್ದ. ಅವನ ಎಡಗಾಲಿಗೆ ಚೆಂಡು ಸಿಕ್ಕರೆ ಎದುರಿನ ಗೋಲ್‌ಕೀಪರ್ ಪ್ರಾರ್ಥನೆ ಮಾಡಬೇಕು ಎಂದು ಬಲ್ಲವರು ಹೇಳುತ್ತಿದ್ದರು. ಅವನು ಕೇಳಿದ್ದು ತಿಂಗಳಿಗೆ ಎಂಟು ಸಾವಿರ.

ಸಾವಕಾರರು ಒಂದು ಮುಂಜಾನೆ ನನ್ನನ್ನು ಗಾದಿಯ ಹತ್ತಿರ ಕರೆದು, ಎರಡು ಸಾವಿರ ಕಾಗದದ ಮೇಲೆ, ಆರು ಸಾವಿರ ಹೊರಗೆ, ಪ್ರತಿ ತಿಂಗಳು ಎಂದು ಸ್ಪಷ್ಟವಾಗಿ ಹೇಳಿದರು. ನಾನು ಘೋಷಣಾ ಪತ್ರವನ್ನು ಅವರ ಅವಗಾಹನೆಗೆ ತಂದೆ. ಅವರು ಎರಡು ಸಲ ಓದಿಸಿಕೊಂಡರು. ಆಮೇಲೆ ನಕ್ಕರು.

“ಈರಪ್ಪನವರ, ಇದರಾಗ ಏನ್ ಬರದಾರ? ಬರಿಬಾರದು, ಆಡಬಾರದು. ನಾವು ಬರಿಯೂದೂ ಬ್ಯಾಡ, ಆಡೂದೂ ಬ್ಯಾಡ. ಕೈ ಹಿಡಿಯಾಕ ಯಾರ ಬ್ಯಾಡ ಅಂದಾರ?”

ಇಲ್ಲಿ ವಾಚಕರಿಗೆ ಒಂದು ಪದ್ಧತಿಯನ್ನು ತಿಳಿಸಬೇಕು. ನಮ್ಮ ಬಜಾರದಲ್ಲಿ ಹಳೆಯ ವ್ಯಾಪಾರಸ್ಥರು ದರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೆ ಟವೆಲ್ ಹಾಕುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಇಡೀ ಪಂಜ ಹಿಡಿದರೆ ಐದು, ಪಂಜ ಹಿಡಿದು ಮತ್ತೊಂದು ಬೆರಳು ಹಿಡಿದರೆ ಆರು. ಅದು ನೂರೋ ಸಾವಿರವೋ, ಕ್ವಿಂಟಲಿಗೋ ಇಡೀ ರಾಶಿಗೋ ಎಂಬುದನ್ನು ಬೆರಳು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಮಾಲು ಎದುರಿಗೇ ಬಿದ್ದಿರುತ್ತದೆ, ಇಬ್ಬರಿಗೂ ಗೊತ್ತಿರುತ್ತದೆ.

ಮರುದಿನ ಸ್ಯಾಮುವೆಲ್ ಅಂಗಡಿಗೆ ಬಂದ. ಸಾವಕಾರರು ತಾವು ಕೈ ಕೊಡಲಿಲ್ಲ. ಕಾರ್ಯದರ್ಶಿ ನೀವು, ನೀವೇ ಹಿಡಿಯಿರಿ ಎಂದು ನನಗೆ ಸೂಚಿಸಿ ಗಾದಿಯ ಮೇಲೆ ಕುಳಿತು ನೋಡಿದರು. ಬೆರಳಿನ ಲೆಕ್ಕ ಅವನಿಗೆ ತಿಳಿದಿರಲಿಲ್ಲ, ನಾನೇ ಮೊದಲು ಕಲಿಸಿಕೊಟ್ಟೆ. ಅವನು ಅದನ್ನು ಮಕ್ಕಳಾಟ ಎಂದುಕೊಂಡು ನಗುತ್ತಲೇ ಕೈ ಕೊಟ್ಟ. ನಾನು ಟವೆಲ್ ಹಾಕಿ ಪಂಜ ಹಿಡಿದೆ, ಆಮೇಲೆ ಒಂದು ಬೆರಳು ಹಿಡಿದೆ. ಅವನು ತಲೆಯಾಡಿಸಿದ. ನಂತರ ಸ್ವಲ್ಪ ತಡೆದು ನನ್ನನ್ನು ಹೊರಗೆ ಕರೆದ.

“ಕಾಕಾ, ಒಂದ ಚೀಟಿ ಬರದು ಕೊಡ್ರಿ. ನಾಳೆ ಯಾರರ ಮರತ್ರ?”

“ಚೀಟಿ ಆತಂದ್ರ ನಿನ್ನ ಆಟಾನೂ ಹೋತು, ನಮ್ಮ ಟೀಮೂ ಹೋತು,” ಎಂದೆ. “ಈ ಬಜಾರದಾಗ ಲಕ್ಷಗಟ್ಟಲೆ ವ್ಯವಹಾರ ಹಿಂಗ ಆಗತಾವ. ಇಪ್ಪತ್ತೆರಡು ವರ್ಷದಾಗ ಕೈ ಕೊಟ್ಟು ಹಿಂದ ಸರದಾಂವನ್ನ ನಾ ಒಬ್ಬನ್ನೂ ನೋಡಿಲ್ಲ.”

ನಾನು ಹೇಳಿದ್ದು ನಿಜವಾಗಿತ್ತು. ಆ ಮಾತಿನ ಮೇಲೆಯೇ ಅವನು ಒಪ್ಪಿದ. ಅಂದೇ ಮಧ್ಯಾಹ್ನ ಘೋಷಣಾ ಪತ್ರಕ್ಕೆ ಸಹಿ ಹಾಕಿ ಸಮಿತಿಗೆ ಸಲ್ಲಿಸಿದೆ. ಹದಿನೈದು ಜನ, ಎಲ್ಲರಿಗೂ ಎರಡೆರಡು ಸಾವಿರ. ಒಂದು ಸ್ಥಳೀಯ ಪತ್ರಿಕೆಯವರು ಇದನ್ನು ಸಮಾನ ವೇತನದ ಆದರ್ಶ ಎಂದು ಹೊಗಳಿ ಸಾವಕಾರರ ಭಾವಚಿತ್ರ ಹಾಕಿದರು. ಅವರು ಅದನ್ನು ಕತ್ತರಿಸಿ ಗಾದಿಯ ಹಿಂದಿನ ಗೋಡೆಗೆ ಅಂಟಿಸಿಕೊಂಡರು. ದಿನಾಲು ಅದರ ಎದುರಿಗೆ ಕುಳಿತು ಕೆಲಸ ಮಾಡುವುದು ನನಗೆ ಅಂದಿನಿಂದಲೇ ಅಸಹ್ಯವಾಗತೊಡಗಿತು. ಆದರೂ ಕುಳಿತೆ.

ಆಗಸ್ಟ್ ತಿಂಗಳ ಆರು ಸಾವಿರವನ್ನು ನಾನೇ ಮೆಣಸಿನಕಾಯಿ ಸ್ಯಾಂಪಲ್ಲಿನ ಚೀಲದಲ್ಲಿ ಇಟ್ಟು ಸ್ಯಾಮುವೆಲ್‌ಗೆ ಮುಟ್ಟಿಸಿದೆ. ಅವನು ಸೀನುತ್ತ ಎಣಿಸಿಕೊಂಡ. ಹೊಸ ಬೂಟು ಕೊಂಡ. ಅದನ್ನು ನೋಡಿದ ನಮ್ಮ ಗೋಲ್‌ಕೀಪರ್, ಮುಗದದ ಫಕೀರಪ್ಪ, ಮೈದಾನದಲ್ಲಿ ಎಲ್ಲರೆದುರು ಛೇಡಿಸಿದ್ದು ನೆನಪಿದೆ. “ಎಲ್ಲಾರೂ ಎರಡ ಸಾವಿರದ ಗಿರಾಕಿ ನಾವು. ಆದ್ರ ಸ್ಯಾಮ್ಯಾ, ನಿನ್ನ ಬೂಟಿಗೆ ಯಾರೋ ಬ್ಯಾರೆ ಪಗಾರ ಕೊಡಾಕತ್ತಾರ ಬಿಡು.” ಎಲ್ಲರೂ ನಕ್ಕರು. ಸ್ಯಾಮುವೆಲ್ ನನ್ನ ಕಡೆ ನೋಡಿ ತಲೆ ತಗ್ಗಿಸಿದ.

ಸೆಪ್ಟೆಂಬರ್ ತಿಂಗಳಿಗೆ ಹಣ ಬರಲಿಲ್ಲ. ಹತ್ತಿಯ ಹಂಗಾಮು ಮುಗಿಯಲಿ, ಎಲ್ಲ ಕೂಡಿಸಿ ಕೊಡೋಣ ಎಂದು ಸಾವಕಾರರು ಹೇಳಿಕಳಿಸಿದರು. ಅಕ್ಟೋಬರಿಗೂ ಅದೇ ಉತ್ತರ, ನವೆಂಬರಿಗೂ ಅದೇ. ಸ್ಯಾಮುವೆಲ್ ಕೇಳಲು ಬಂದಾಗಲೆಲ್ಲ ನಾನು ಚಹಾ ತರಿಸಿ ಅದೇ ಮಾತನ್ನು ಹೇಳುತ್ತಿದ್ದೆ. ಅವನು ಆಡುತ್ತಲೇ ಹೋದ. ತಂಡ ಮೊದಲನೆಯ ಸ್ಥಾನಕ್ಕೆ ಬಂತು. ಡಿಸೆಂಬರಿನ ಕೊನೆಯ ವಾರದ ಪಂದ್ಯದಲ್ಲಿ ಇಬ್ಬರು ಆಟಗಾರರ ನಡುವೆ ಸಿಕ್ಕಿ ಅವನ ಎಡ ಮೊಣಕಾಲು ತಿರುಚಿತು. ಒಳಗಿನ ಲಿಗಮೆಂಟು ಹರಿದಿದೆ, ಬೇಗ ಆಪರೇಷನ್ ಆಗಬೇಕು, ಇಪ್ಪತ್ನಾಲ್ಕು ಸಾವಿರ ಬೇಕಾಗಬಹುದು, ತಡವಾದರೆ ಕಾಲು ಮೊದಲಿನಂತಾಗುವುದು ಕಷ್ಟ ಎಂದು ಡಾಕ್ಟರರು ಹೇಳಿದರು. ಅವನಿಗೆ ಬರಬೇಕಾದ ಬಾಕಿ ನಾಲ್ಕು ತಿಂಗಳದ್ದು, ಅಷ್ಟೇ ಇತ್ತು.

ನಾನು ಈ ವಿಷಯವನ್ನು ಸಾವಕಾರರಲ್ಲಿ ನಿವೇದಿಸಿದೆ. ಅವರು ಅಡಿಕೆ ಕತ್ತರಿಸುತ್ತಿದ್ದರು, ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಆರು ಅಂದ್ರ ಆರು. ಕೊಟ್ಟೇವಿ. ತಿಂಗಳಾ ತಿಂಗಳಾ ಅಂತ ನಿಮ್ಮ ಯಾವ ಬೆರಳು ಹೇಳ್ತು?”

ತಿಂಗಳಿಗೆ ಎಂದು ತಾವೇ ಈ ಗಾದಿಯ ಮೇಲೆ ಹೇಳಿದ್ದಿರಿ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಬಜಾರದಲ್ಲಿ ಮಾಲು ಎದುರಿಗೆ ಬಿದ್ದಿರುತ್ತದೆ ಎಂದಷ್ಟೇ ಅವರಿಗೆ ಹೇಳಿದೆ. ಇಲ್ಲಿ ಮಾಲು ಎಂದರೆ ಒಬ್ಬ ಮನುಷ್ಯ ಎಂಬುದು ಆ ಮಾತು ನನ್ನ ಬಾಯಿಂದ ಹೊರಬಿದ್ದ ಮೇಲೆ ನನಗೆ ಹೊಳೆಯಿತು.

ಜನವರಿಯಲ್ಲಿ ಸ್ಯಾಮುವೆಲ್ ಲೀಗಿನ ಸಮಿತಿಗೆ ಅರ್ಜಿ ಕೊಟ್ಟ. ಮಿತಿ ಮೀರಿ ಒಪ್ಪಿಕೊಂಡದ್ದು ಸಾಬೀತಾದರೆ ನಮ್ಮ ತಂಡ ಹೊರಗೆ ಹೋಗುತ್ತಿತ್ತು, ಅವನಿಗೂ ನಿಷೇಧ ಬೀಳುತ್ತಿತ್ತು. ಆದರೆ ನಿಯಮದ ಪ್ರಕಾರ ಬಾಕಿಯನ್ನು ತಂಡವು ಸಮಿತಿಯಲ್ಲಿ ಇಟ್ಟ ಠೇವಣಿಯಿಂದ ಆಟಗಾರನಿಗೆ ಕೊಡಿಸಲು ಸಮಿತಿಗೆ ಅಧಿಕಾರವಿತ್ತು. ಆಟ ಹೋದರೂ ಕಾಲು ಉಳಿಯಲಿ ಎಂಬುದು ಅವನ ಲೆಕ್ಕ. ಅವನಿಗೆ ಇದ್ದ ಏಕೈಕ ಸಾಕ್ಷಿ ನಾನು.

ವಿಚಾರಣೆಯ ಹಿಂದಿನ ದಿನ ಸಾವಕಾರರು ನನಗೆ ಯಾವ ಬೆದರಿಕೆಯನ್ನೂ ಹಾಕಲಿಲ್ಲ ಎಂಬುದನ್ನು ದಾಖಲಿಸಬೇಕು. “ನೀವು ಖರೇನ ಹೇಳ್ರಿ, ಈರಪ್ಪನವರ,” ಎಂದರು. “ಬರದದ್ದಿಲ್ಲ, ಆಡಿದ್ದಿಲ್ಲ. ಸುಳ್ಳು ಹೇಳ್ರಿ ಅಂತ ನಾ ಯಾವತ್ತರ ನಿಮಗ ಅಂದೇನೇನು?” ಮುಂದೆ, ನನ್ನ ಮಗಳ ಬಿ.ಎಡ್. ಫೀಸು ಕಟ್ಟುವ ತಾರೀಖು ಯಾವಾಗ ಎಂದು ಕೇಳಿದರು.

ವಿಚಾರಣೆಯು ಒಂದು ಶಾಲೆಯ ಕೋಣೆಯಲ್ಲಿ ನಡೆಯಿತು. ಸಮಿತಿಯಲ್ಲಿ ಮೂವರು: ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು, ಒಬ್ಬರು ಹಳೆಯ ಆಟಗಾರರು, ಮತ್ತೊಬ್ಬರು ನಮ್ಮದೇ ಬಜಾರದ ಮೆಣಸಿನಕಾಯಿ ವ್ಯಾಪಾರಿಗಳು. ಆರಂಭದಲ್ಲಿ ಸಾವಕಾರರ ಕಡೆಯಿಂದ ತಿನ್ನಲು ಗಿರ್ಮಿಟ್ಟು, ಮಿರ್ಚಿ ಬಜಿ ಬಂದವು. ಸ್ಯಾಮುವೆಲ್ ಮೂಲೆಯಲ್ಲಿ ಕಾಲು ಚಾಚಿಕೊಂಡು ಬೆಂಚಿನ ಮೇಲೆ ಕುಳಿತಿದ್ದ, ಅವನ ಮುಂದೆಯೂ ಒಂದು ತಟ್ಟೆ ಇಟ್ಟರು, ಅವನು ಮುಟ್ಟಲಿಲ್ಲ. ಉಳಿದವರು ಬೆರಳು ನೆಕ್ಕಿ, ಅರ್ಜಿಯ ಮೇಲೆಯೇ ಎಣ್ಣೆ ಕೈ ಇಟ್ಟು ಪುಟ ತಿರುವಿದರು. ಆ ಎಣ್ಣೆಯ ಕಲೆ ಅವನ ಸಹಿಯ ಮೇಲೆ ಹರಡುವುದನ್ನು ನಾನು ನೋಡುತ್ತ ಕುಳಿತೆ. ನನ್ನ ತಟ್ಟೆಯೂ ಖಾಲಿಯಾಗಿತ್ತು.

ಅಧ್ಯಕ್ಷರು ನನ್ನನ್ನು ಕರೆದರು. “ಈರಪ್ಪನವರ, ಎರಡು ಸಾವಿರ ಬಿಟ್ಟು ಬ್ಯಾರೆ ಲಿಖಿತ ಒಪ್ಪಂದ ಏನರ ಆಗಿತ್ತೇನ್ರಿ?”

“ಇಲ್ರಿ.”

“ಮೌಖಿಕ?”

“ಇಲ್ರಿ.”

ಸ್ಯಾಮುವೆಲ್ ಕುಳಿತಲ್ಲಿಂದಲೇ ಸಾವಕಾಶವಾಗಿ ಕೇಳಿದ. “ಕಾಕಾ, ಅವತ್ತ ನನ್ನ ಕೈ ಹಿಡದಾವ್ರು ನೀವಲ್ರೇನ್ರಿ?”

ಸಾಕ್ಷಿದಾರನಿಗೆ ಅರ್ಜಿದಾರ ಪ್ರಶ್ನೆ ಕೇಳುವ ಹಾಗಿಲ್ಲ ಎಂದು ಅಧ್ಯಕ್ಷರು ಅವನನ್ನು ತಡೆದರು. ಕೈ ಹಿಡಿಯುವುದು ಎಂದರೇನು ಎಂದು ವ್ಯಾಪಾರಿ ಸದಸ್ಯರನ್ನು ಕೇಳಿದರು. ಅವರು ಮೀಸೆ ಒರೆಸಿಕೊಂಡು, “ಅದು ನಮ್ಮ ಬಜಾರದ ಪದ್ಧತಿ, ಸರ. ಬರವಣಿಗೀನೂ ಅಲ್ಲ, ಮಾತೂ ಅಲ್ಲ,” ಎಂದು ನನ್ನ ಕಡೆ ನೋಡಿ ಒಂದು ಸಣ್ಣ ನಗೆ ನಕ್ಕರು. ತಿಳಿದವರು ತಿಳಿದವರಿಗೆ ನಗುವ ನಗೆ ಅದು. ನಾನೂ ನಕ್ಕೆ. ಈ ಬರಹದಲ್ಲಿ ಹೇಳಿಕೊಳ್ಳಲು ನನಗೆ ಅತ್ಯಂತ ಹೇಸಿಗೆಯಾಗುವ ಸಂಗತಿ ಎಂದರೆ ಆ ನಗೆ. ಅದನ್ನು ಸ್ಯಾಮುವೆಲ್ ನೋಡಿದ.

ಆರೋಪ ಸಾಬೀತಾಗಿಲ್ಲ ಎಂದು ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಹದಿನಾಲ್ಕು ಆಟಗಾರರು ತಲೆಗೆ ಇನ್ನೂರರಂತೆ ಕೂಡಿಸಿ ಎರಡು ಸಾವಿರದ ಎಂಟುನೂರು ರೂಪಾಯಿಯನ್ನು ಅವನ ಮನೆಗೆ ಮುಟ್ಟಿಸಿದರು. ಆ ಹಣ ಕೂಡಿಸಿದವನು ಫಕೀರಪ್ಪ. ಆಪರೇಷನ್ ಆಗಲಿಲ್ಲ. ಮೊಣಕಾಲು ಅರ್ಧಕ್ಕಿಂತ ಹೆಚ್ಚು ಮಡಚದಾಯಿತು. ಮಾರ್ಚಿಯಲ್ಲಿ ನಮ್ಮ ತಂಡ ಕಪ್ ಗೆದ್ದಿತು. ಸ್ಯಾಮುವೆಲ್ ಕೆಲವು ದಿನಗಳ ಮೇಲೆ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಾರ್ಸಲ್ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ. ನಮ್ಮ ಅಂಗಡಿಯ ಮಾಲು ಅಲ್ಲಿಂದಲೇ ಹೋಗುತ್ತಿದ್ದುದರಿಂದ ವಾರಕ್ಕೆರಡು ಸಲ ಅವನ ಮೇಜಿನ ಮುಂದೆ ನಿಲ್ಲಬೇಕಾಗುತ್ತಿತ್ತು. ಅವನು ರಸೀದಿ ಹರಿದು ಮೇಜಿನ ಮೇಲೆ ಇಡುತ್ತಿದ್ದ. ನನ್ನ ಕೈಗೆ ಕೊಡುತ್ತಿರಲಿಲ್ಲ.

ಮರುವರ್ಷ ಸಮಿತಿಯವರು ಘೋಷಣಾ ಪತ್ರವನ್ನು ಬಿಗಿಗೊಳಿಸಲು ನಿಶ್ಚಯಿಸಿದರು. ಒಳ್ಳೆಯ ಪತ್ರ ಬರೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಅಧ್ಯಕ್ಷರು ನನ್ನ ಹೆಸರನ್ನೇ ಸೂಚಿಸಿದರು. ‘ಲಿಖಿತ, ಮೌಖಿಕ ಅಥವಾ ಹಸ್ತಸಂಕೇತದ ಮೂಲಕ’ ಎಂದು ನಾನು ತಿದ್ದಿಕೊಟ್ಟೆ. ಎಲ್ಲರೂ ಮೆಚ್ಚಿದರು. ಸಾವಕಾರರೂ ಛಲೋ ಬರದೀರಿ ಎಂದರು. ಆ ಹಂಗಾಮಿನಲ್ಲಿ ಹೊಸ ಸ್ಟಾರ್ ಆಟಗಾರನ ಅಣ್ಣನನ್ನು ನಮ್ಮ ಗೋಡೌನಿಗೆ ಏಳು ಸಾವಿರ ಪಗಾರದ ಕಾವಲುಗಾರನಾಗಿ ನೇಮಿಸಲಾಯಿತು. ಅವನನ್ನು ಗೋಡೌನಿನ ಹತ್ತಿರ ಯಾರೂ ಎಂದೂ ಕಾಣಲಿಲ್ಲ. ನೇಮಕದ ಪತ್ರ ಬರೆದವನೂ ನಾನೇ.

ನಾನು ೨೦೦೮ರಲ್ಲಿ ಸೇವೆಯಿಂದ ನಿವೃತ್ತನಾದೆ. ಪಗಾರದ ಮಿತಿ ಕೆಟ್ಟ ನಿಯಮವೆಂದು ನಾನು ಹೇಳುವುದಿಲ್ಲ, ಬಡ ತಂಡಗಳಿಗೆ ಅದರಿಂದ ಉಪಯೋಗವಿತ್ತು. ನಿಯಮದ ಅಕ್ಷರಗಳ ನಡುವೆ ಸಂದು ಹುಡುಕಿ ಕೊಡುವುದನ್ನೇ ನಾನು ಬುದ್ಧಿವಂತಿಕೆ ಎಂದುಕೊಂಡಿದ್ದೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ಕಾರ್ಯದರ್ಶಿಯಾದವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರೆ ಸಾಲದು, ತನ್ನ ಕೈ ಮಾಡಿದ್ದನ್ನು ಯಾರೂ ಕೇಳದಿದ್ದರೂ ಬಾಯಿ ಬಿಟ್ಟು ಹೇಳಬೇಕು. ಕಲಿತದ್ದು ತಡವಾಗಿ, ಬೇರೊಬ್ಬನ ಕಾಲಿನ ಖರ್ಚಿನಲ್ಲಿ.

ಮೇಲಿನ ಬರಹದಲ್ಲಿ ಕಾಗುಣಿತದ ದೋಷಗಳು, ಒತ್ತಕ್ಷರದ ದೋಷಗಳು ಕಂಡುಬಂದಲ್ಲಿ ವಾಚಕರು ದಯವಿಟ್ಟು ತಿದ್ದಿಕೊಳ್ಳಬೇಕು. ಹಾಗೆಯೇ ಸಮಿತಿಯ ಮುಂದೆ ನಾನು ಎರಡು ಸಲ ‘ಇಲ್ರಿ’ ಎಂದು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ಅದರಲ್ಲಿ ಕಾಗುಣಿತ ಸರಿಯಾಗಿದೆ. ಅದನ್ನೂ ಸಹ ‘ಹೌದ್ರಿ, ಹಿಡಿದಿದ್ದೆ’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.