ಮಾಗುಂಡಪ್ಪನವರ ಕೆಂಪು ಗುಡ್ಡ

ಕಣಿವೆಯ ದಾರಿಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಶ್ರೀಕಂಠನ ಬೂಟಿನ ಅಟ್ಟೆ ಕಳಚಿ ಹಿಂದೆಯೇ ಉಳಿಯಿತು. ಹಾಳಾಗಬಾರದೆಂದು ಎಂಟು ವರ್ಷ ಕಪಾಟಿನಲ್ಲಿಟ್ಟು ಕಾಪಾಡಿದ ಬೂಟು ಅದು. ನಿಜ್ವಾ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ಮಾಗುಂಡಪ್ಪನವರು ಚೀಲದಿಂದ ಬ್ಯಾಂಡೇಜು ತೆಗೆದು ಬೂಟಿಗೆ ಸುತ್ತಿದರು.

"ಮೈಸೂರು ಮಂದಿ ಬೂಟು ಇಡಾಕ ತರ್ತೀರಿ, ಹಾಕ್ಕೊಳ್ಳಾಕಲ್ಲ. ಯಲ್ಲಾ, ನಡೀರಿ," ಎಂದು ಅರಬ್ಬಿ ಬೆರೆಸಿ ಅವಸರಪಡಿಸಿದರು.

ಇಪ್ಪತ್ತಾರು ವರ್ಷದಿಂದ ಶುಕ್ರವಾರ ಬಂತೆಂದರೆ ಅವರು ಒಮಾನಿನ ಈ ಕೆಂಪು ಬಂಡೆಗಳ ನಡುವೆ ನಡೆಯುತ್ತಿದ್ದರು. ದಾರಿ ತೋರಿಸಲು ಕಲ್ಲಿಗೆ ಬಳಿದ ಬಣ್ಣ ಮಾಸಿದ ಕಡೆಯೂ ಅವರ ಕಾಲಿಗೆ ದಾರಿ ಗೊತ್ತಿತ್ತು. ಬಿಸಿಲಿಗೆ ಬಂಡೆ ಕೆಂಪೇರಿದಾಗ ಒಮ್ಮೆ ನಿಂತು, "ಥೇಟ್ ನಮ್ಮ ಗುಳೇದಗುಡ್ಡ ನೋಡ್ರಿ" ಅನ್ನುವುದು ವಾಡಿಕೆ. ಇವತ್ತು ನಾಲ್ಕು ಸಲ ನಿಂತರು. ನಿವೃತ್ತಿಯಾಗಿತ್ತು, ಮಂಗಳವಾರ ಊರಿಗೆ ವಿಮಾನ, ಮತ್ತೆ ಬರುವ ಮಾತಿರಲಿಲ್ಲ. ಬಂಡೆಯ ಮೇಲಿಟ್ಟ ಕೈ ತೆಗೆಯಲು ಅವರಿಗೆ ಮನಸ್ಸೇ ಬರಲಿಲ್ಲ.

ಶ್ರೀಕಂಠ ಸಮಾಧಾನ ಹೇಳಲು ಹೋದ. "ಊರಲ್ಲೂ ಇಂಥದೇ ಗುಡ್ಡ ಇದೆಯಲ್ಲ ಸಾರ್. ಚಿಕ್ಕಂದಿನಲ್ಲಿ ಎಷ್ಟು ಸಲ ಹತ್ತಿದ್ದೀರೋ?"

ಮಾಗುಂಡಪ್ಪನವರು ಬಂಡೆಯನ್ನೇ ನೋಡುತ್ತ ಹೇಳಿದರು: "ಒಮ್ಮಿನೂ ಇಲ್ರಿ. ಗುಡ್ಡ ಹತ್ತೋದು ಆಡು ಕಳಕೊಂಡವ್ರ ಕೆಲಸ. ನಮ್ಮವು ಎಂದೂ ತಪ್ಪಿಸ್ಕೊಂಡಿದ್ದಿಲ್ಲ."