ಮೌಂಟ್ ರಾಸ್ಕಿಲ್ ಬಿಟ್ಟ ಮೇಲೆ

ಆಕ್ಲೆಂಡ್ ಬಿಡಬೇಕೋ ಬೇಡವೋ ಎಂದು ನಾವು ತೀರ್ಮಾನಿಸಿದ್ದು ಒಂದು ಭಾನುವಾರ ಬೆಳಗ್ಗೆ, ಚಹಾ ಕುಡಿಯುತ್ತಾ. ಗಂಡನಿಗೆ ಪಾಮರ್ಸ್ಟನ್ ನಾರ್ತ್‌ನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸಂಶೋಧನೆಯ ಕೆಲಸ ಸಿಕ್ಕಿತ್ತು. ನಾನು ನರ್ಸ್, ನನಗೆ ಎಲ್ಲಿ ಹೋದರೂ ಆಸ್ಪತ್ರೆ ಇದ್ದೇ ಇರುತ್ತದೆ. ಅವರು ಕಾಗದದ ನಡುವೆ ಗೆರೆ ಎಳೆದು ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ ಬರೆದರು. ಸ್ವಂತ ಮನೆ, ಮಗಳಿಗೆ ಆಡಲು ಹಿತ್ತಿಲು, ಬಸ್ಸಿನಲ್ಲಿ ಕಳೆದುಹೋಗದ ಎರಡು ತಾಸು. ಲಾಭದ ಕಡೆ ತುಂಬಿತು. ನಷ್ಟದ ಕಡೆ ‘ಇಂಡಿಯನ್ ಅಂಗಡಿ ಕಡಿಮೆ, ಗಾಳಿ ಜಾಸ್ತಿ’ ಎಂದಷ್ಟೇ ಇತ್ತು. ಪಕ್ಕದ ಮನೆಯ ಕಾಕುವನ್ನು ಬರೆಯಬೇಕೆಂದು ನನಗೂ ಹೊಳೆಯಲಿಲ್ಲ.

ಕಾಕು ಬಾಗಲಕೋಟೆ ಕಡೆಯವರು. ಗಂಡ ತೀರಿದ ಮೇಲೆ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿದ್ದ ಮಗಳು-ಅಳಿಯನ ಮನೆಗೆ ಬಂದಿದ್ದರು. ನಾವು ಆ ಬೀದಿಗೆ ಬಾಡಿಗೆಗೆ ಬಂದ ಹೊಸದರಲ್ಲಿ, ಬಸ್ ಸ್ಟಾಪಿನಲ್ಲಿ ನಿಂತು ನಾನು ಅವ್ವನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಹತ್ತಿರ ಬಂದರು.

“ಯಾವೂರವ್ವ ನಿಂದು?”

“ಧಾರವಾಡರಿ, ಆಂಟಿ.”

“ಆಂಟಿ ಅನಬ್ಯಾಡ. ಈ ದೇಶದಾಗ ಎಲ್ಲಾರೂ ಆಂಟಿನ. ನೀ ಕಾಕು ಅನ್ನು.”

ಅಂದಿನಿಂದ ಆರು ವರ್ಷ ನಾನು ಅವರನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. ನನ್ನ ಮಗಳು ಶಾಲೆಗೆ ಸೇರಿದ ಮೇಲೆ ಮಧ್ಯಾಹ್ನ ಮೂರಕ್ಕೆ ಅವಳನ್ನು ಕರೆತರುತ್ತಿದ್ದವರು ಅವರೇ. ನಾನು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಇಬ್ಬರೂ ನೆಲದ ಮೇಲೆ ಕವಡೆ ಹಾಕಿ ಚೌಕಾಬಾರ ಆಡುತ್ತಾ, ನೀ ಮೋಸ ಮಾಡಿದಿ, ನೀ ಮೋಸ ಮಾಡಿದಿ ಎಂದು ಜಗಳಾಡುತ್ತಿರುತ್ತಿದ್ದರು.

ಊರು ಬಿಡುವ ಸುದ್ದಿ ಹೇಳಲು ಹೋದಾಗ ಕಾಕು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು.

“ಎಷ್ಟು ದೂರ ಆಗ್ತೈತಿ?”

“ಕಾರಿನ್ಯಾಗ ಏಳು ತಾಸರಿ.”

“ಹೋಗ್ರಿ. ಸ್ವಂತ ಮನಿ ಅಂದ್ರ ಸಣ್ಣ ಮಾತಲ್ಲ.”

ಇಷ್ಟೇ ಅಂದರು. ಆದರೆ ಅವರ ಕೈ ಎಲೆಗಳ ಪಾತ್ರೆಗೆ ಕಡ್ಡಿಗಳನ್ನೂ ಹಾಕುತ್ತಿತ್ತು.

ಪಾಮರ್ಸ್ಟನ್ ನಾರ್ತ್ ಲಾಭದ ಕಡೆ ಬರೆದದ್ದನ್ನೆಲ್ಲ ಕೊಟ್ಟಿತು, ಸುಳ್ಳು ಹೇಳಬಾರದು. ಏರಿಲ್ಲದ ರಸ್ತೆಗಳು. ಹೈಸ್ಕೂಲಿನ ನಂತರ ಸೈಕಲ್ ಮುಟ್ಟದ ನಾನು ಹತ್ತೇ ನಿಮಿಷದಲ್ಲಿ ಸೈಕಲ್ ತುಳಿದು ಆಸ್ಪತ್ರೆ ಸೇರುತ್ತಿದ್ದೆ. ಎದುರು ಮನೆಯ ಮುದುಕ ದಂಪತಿ ತಮ್ಮ ಹಿತ್ತಿಲಿನ ಫೀಜೋವಾ ಹಣ್ಣನ್ನು ಚೀಲ ತುಂಬಿ ನಮ್ಮ ಗೇಟಿಗೆ ತೂಗುಹಾಕಿ ಹೋಗುತ್ತಿದ್ದರು. ಗಂಡ ಸಂಜೆ ಬೆಳಕಿರುವಾಗಲೇ ಮನೆಯಲ್ಲಿರುತ್ತಿದ್ದರು.

ಆದರೂ ಪಾತ್ರೆ ತೊಳೆಯುತ್ತಾ ಕಿಟಕಿಯಾಚೆ ನೋಡಿದರೆ ಬೇಲಿ, ಹುಲ್ಲು, ಗಾಳಿ. ಬಾಗಿಲು ತಟ್ಟದೆ ಒಳಗೆ ಬರುವವರು ಯಾರೂ ಇಲ್ಲ. ಊರಿನ ನೆನಪೆಂದರೆ ಧಾರವಾಡದ್ದು ಮಾತ್ರ ಎಂದುಕೊಂಡಿದ್ದೆ. ಈಗ ಕಣ್ಣ ಮುಂದೆ ಬರುತ್ತಿದ್ದುದು ಬಾಡಿಗೆ ಮನೆಯ ಒದ್ದೆ ಹಿಡಿದ ಗೋಡೆ, ಆ ಬಸ್ ಸ್ಟಾಪು, ಬೇಲಿಯ ಮೇಲಿಂದ ಕಾಕು ಚಾಚುತ್ತಿದ್ದ ಪಲ್ಯದ ಬಟ್ಟಲು.

ಕಾಕು ಬುಧವಾರ ಬುಧವಾರ ಫೋನ್ ಮಾಡುತ್ತಿದ್ದರು. ಮೊದಲು ಮಗಳು ಫೋನು ಕಸಿದುಕೊಂಡು ಮಾತಾಡುತ್ತಿದ್ದಳು. ಚಳಿಗಾಲ ಮುಗಿಯುವ ಹೊತ್ತಿಗೆ, “ಕಾಕು, ಐ ಗಾಟ್ ಅ ನ್ಯೂ ಬೈಕ್” ಎಂದು ಹೇಳಿ ಓಡಿಹೋಗತೊಡಗಿದಳು.

“ಏನಂದ್ಲು?” ಎಂದು ಕಾಕು ನನ್ನನ್ನು ಕೇಳಿದರು. ಆ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ಆ ದಿನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗಂಡನೇ ಶಾಲೆಯ ರಜೆಗೆ ಆಕ್ಲೆಂಡ್‌ಗೆ ಹೋಗೋಣ ಎಂದರು. ಹೋದಾಗ ಕಾಕುವಿನ ಮನೆಯ ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ಅವರ ಮಗಳಿಗೆ ಪರ್ತ್‌ನಲ್ಲಿ ಕೆಲಸ ಸಿಕ್ಕಿತ್ತು. ಎರಡು ವಾರದಲ್ಲಿ ಎಲ್ಲರೂ ಆಸ್ಟ್ರೇಲಿಯಾಕ್ಕೆ.

“ಫೋನಿನ್ಯಾಗ ಯಾಕ ಹೇಳಲಿಲ್ರಿ?”

“ನಿನಗ ಅಲ್ಲೆ ಈಗೀಗ ಬೇರು ಹತ್ತಾಕತ್ತೈತಿ. ಯಾಕ ಅಲುಗಾಡಿಸೂದು ಅಂತ ಬಿಟ್ಟೆ.” ಪೆಟ್ಟಿಗೆಯೊಂದರ ಮುಚ್ಚಳ ಒತ್ತಿ ಮುಚ್ಚುತ್ತಾ, “ನನ್ನನ್ನೂ ಯಾರು ಕೇಳ್ಯಾರ ಹೇಳು?” ಎಂದರು.

ಎಲ್ಲಿಗಾದರೂ ಕರೆದುಕೊಂಡು ಹೋಗಲೇ ಎಂದೆ. ಕಾರು ಬೇಡ, ಬಸ್ಸಿನಲ್ಲಿ ಪೇಟೆಗೆ ಹೋಗಿ ಬರೋಣ ಎಂದರು. ಕಾಕು, ನಾನು, ನನ್ನ ಮಗಳು ಮೂವರೂ ಹೋದೆವು. ಇಳಿದು ಏನೂ ಕೊಳ್ಳಲಿಲ್ಲ, ಅಲ್ಲಿಂದಲೇ ತಿರುಗಿ ಬರುವ ಬಸ್ಸು ಹತ್ತಿದೆವು. ಮಗಳು ಕಾಕುವಿನ ತೋಳಿಗೆ ತಲೆಯಿಟ್ಟು ಕೂತಿದ್ದಳು. ಹೊಸ ಶಾಲೆಯ ಸುದ್ದಿಯನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಹೇಳುತ್ತಾ, ಶಬ್ದ ಸಿಗದ ಕಡೆ ನನ್ನ ಮುಖ ನೋಡುತ್ತಿದ್ದಳು. ಕಾಕು ಅವಳನ್ನು ಒಂದು ಸಲವೂ ತಿದ್ದಲಿಲ್ಲ.

ಈಗ ಅವರು ಪರ್ತ್ ಸೇರಿ ನಾಲ್ಕು ತಿಂಗಳು. ಮೊನ್ನೆ ಫೋನಿನಲ್ಲಿ ಹೇಳಿದರು: “ಬಿಸಲು ನಮ್ಮೂರಿನಂಗ ಐತಿ. ಮನಿ ದೊಡ್ಡದು. ಎಲ್ಲಾ ಚಲೋ ಐತಿ. ಮಾತಾಡಾಕ ಒಬ್ಬರೂ ಸಿಕ್ಕಿಲ್ಲ.”

“ಒಂದು ವರ್ಷ ಹೋಗಲಿರಿ ಕಾಕು. ಆಮ್ಯಾಲ ಸರಿ ಆಗ್ತದ.”

“ನಿನಗ ಆಗೈತೇನು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲರಿ” ಎಂದೆ. ಇಬ್ಬರಿಗೂ ನಗು ಬಂತು. ಆಮೇಲೆ ಅವರು, ಸಂಜೆ ಅಡಿಗೆ ಏನು ಮಾಡುತ್ತೀ ಎಂದು ಕೇಳಿದರು.